ಮನೆ ಲ್ಯಾಬಿಗೆ ಹಳೇ ಆಪ್ಟಿಪ್ಲೆಕ್ಸ್ ಸಾಕು
ಮನೆ ಲ್ಯಾಬಿಗೆ, ಅಂದರೆ ಮನೆಯಲ್ಲೇ ಸರ್ವರ್ ಪ್ರಯೋಗ ಮಾಡಿ ಕಲಿಯಲು, ಹಾಸನದ ಬಿ.ಎಂ. ರಸ್ತೆಯ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಡೆಲ್ ಆಪ್ಟಿಪ್ಲೆಕ್ಸ್ 7040 ಟವರ್ ಕಂಪ್ಯೂಟರ್ ಕೊಂಡೆ. ಐ5-6500 ಪ್ರೊಸೆಸರ್, 4 ಕೋರ್. ವಿಂಡೋಸ್ 11 ಅಧಿಕೃತವಾಗಿ ಇದಕ್ಕೆ ಸಿಗುವುದಿಲ್ಲ. ಲ್ಯಾಬ್ ಮಾಡುವವರಿಗೆ ಅದರಿಂದ ನಷ್ಟವಿಲ್ಲ, ಅಲ್ವಾ?

ವಿಂಡೋಸ್ ಬದಲು ಪ್ರಾಕ್ಸ್‌ಮಾಕ್ಸ್ ಹಾಕಿದ್ದೇನೆ. ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಕಂಪ್ಯೂಟರ್ (ವಿಎಂ) ಓಡಿಸುವ, ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ ಉಚಿತ ತಂತ್ರಾಂಶ, ಬ್ರೌಸರ್‌ನಲ್ಲೇ ಎಲ್ಲಾ ನಡೆಯುತ್ತದೆ. ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟವಾದ ಬಯೋಸ್‌ನಲ್ಲಿ ವರ್ಚುವಲೈಸೇಶನ್ (ವಿಎಂ ಓಡಿಸಲು ಪ್ರೊಸೆಸರ್ ಕೊಡುವ ನೆರವು) ಆನ್ ಮಾಡಲೇಬೇಕು. ಆ ಆಯ್ಕೆ ಇದೆಯೇ ಎಂದು ಅಂಗಡಿಯಲ್ಲೇ ಬಯೋಸ್ ತೆರೆದು ನೋಡಿ.

ಇಲ್ಲಿ ಮೊದಲು ಸಾಲದೆ ಬರುವುದು ರ‍್ಯಾಮ್, ಪ್ರೊಸೆಸರ್ ಅಲ್ಲ. ಟವರ್‌ನಲ್ಲಿ 4 ಸ್ಲಾಟ್ ಇವೆ, 64 ಜಿಬಿವರೆಗೆ ಏರಿಸಬಹುದು. ನನಗೆ ಜಾಸ್ತಿ ಇಷ್ಟವಾಗಿದ್ದೇ ಇದು. ಸಣ್ಣ ಲಿನಕ್ಸ್ ಕೆಲಸಗಳಿಗೆ ಪೂರ್ತಿ ವಿಎಂ ಬೇಡ, ಮುಖ್ಯ ಲಿನಕ್ಸ್‌ನ ತಿರುಳನ್ನೇ (ಕರ್ನಲ್) ಹಂಚಿಕೊಳ್ಳುವ ಹಗುರವಾದ ಕಂಟೇನರ್ ಸಾಕು, ರ‍್ಯಾಮ್ ಉಳಿಯುತ್ತದೆ.

ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗುತ್ತಿರುತ್ತದೆ, ಯುಪಿಎಸ್‌ಗೂ ದುಡ್ಡು ಎತ್ತಿಡಿ.