ಹಾಂಗ್‌ಕಾಂಗಿನ ಡಿಂಗ್ ಡಿಂಗ್ ಟ್ರಾಮ್: ಹಾಸನದ ಕಂಡಕ್ಟರ್ ಕಂಡಂತೆ

ನಾನು ಕೆಎಸ್‌ಆರ್‌ಟಿಸಿಯಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದೆ. ಹಾಸನ ಡಿಪೋದಲ್ಲೇ ಶುರು, ಅಲ್ಲೇ ರಿಟೈರ್. ಹೀಗಾಗಿ ಯಾವ ಊರಿಗೆ ಹೋದರೂ ಮೊದಲು ಕಣ್ಣು ಬೀಳುವುದು ಆ ಊರಿನ ಗಾಡಿಗಳ ಮೇಲೆ. ಜನ ಹೇಗೆ ಹತ್ತುತ್ತಾರೆ, ದುಡ್ಡು ಯಾರು ಇಸ್ಕೊಳ್ಳುತ್ತಾರೆ, ವಯಸ್ಸಾದವರಿಗೆ ಸೀಟು ಸಿಗುತ್ತಾ ಅಂತ ನೋಡದೆ ಇರಲು ಆಗುವುದಿಲ್ಲ.

2024ರ ನವೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಮಗಳ ಮನೆಗೆ ಹಾಂಗ್‌ಕಾಂಗಿಗೆ ಹೋಗಿದ್ದೆವು. ನಮ್ಮ ಪಾಸ್‌ಪೋರ್ಟ್ ಇದ್ದವರು ಆನ್‌ಲೈನಿನಲ್ಲಿ ಮೊದಲೇ ನೋಂದಣಿ ಮಾಡಿಸಿದರೆ ವೀಸಾ ಇಲ್ಲದೆ 14 ದಿನ ಇರಬಹುದು. ಅಷ್ಟೂ ದಿನ ಇದ್ದು ಬಂದೆವು. ಮಗಳ ಮನೆ ಶಾವ್ ಕೆಯ್ ವಾನ್‌ನಲ್ಲಿ, 23ನೇ ಮಹಡಿ. ಲಿಫ್ಟ್ ಇಳಿದು ಐದು ನಿಮಿಷ ನಡೆದರೆ ಟ್ರಾಮಿನ, ಅಂದರೆ ರಸ್ತೆಯಲ್ಲೇ ಹಾಕಿದ ಹಳಿಯ ಮೇಲೆ ಓಡುವ ಗಾಡಿಯ, ಕೊನೇ ಸ್ಟಾಪು.

ಮೊದಲ ಭಾನುವಾರ ಅಳಿಯ ಪ್ರೀತಿಯಿಂದ ಒಂದು ಪ್ರವಾಸಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದರು. ಯಾವ ಕಂಪನಿ ಅಂತ ಬೇಡ ಬಿಡಿ. ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಕಾದೆವು. ಕಿವಿಗೆ ಕೊಟ್ಟ ಯಂತ್ರ ನನ್ನ ಸೀಟಿನಲ್ಲಿ ಕೆಲಸ ಮಾಡಲಿಲ್ಲ. ಮಾರನೇ ದಿನ ನಾನೇ ಕೇಳಿದೆ, "ಮಗಳೇ, ಕೆಳಗೆ ದಿನಾ ಗಂಟೆ ಹೊಡ್ಕೊಂಡು ಹೋಗುತ್ತಲ್ಲ, ಅದರಲ್ಲಿ ಹೋಗೋಣ." ಅವಳು, "ಅಪ್ಪಾ, ಅದು ತುಂಬಾ ನಿಧಾನ, ಮೆಟ್ರೋದಲ್ಲಿ ಇಪ್ಪತ್ತು ನಿಮಿಷದಲ್ಲಿ ಸೆಂಟ್ರಲ್ ಸೇರಬಹುದು" ಅಂದಳು. ಸೆಂಟ್ರಲ್ ಅಂದರೆ ಊರಿನ ಬ್ಯಾಂಕು, ಆಫೀಸುಗಳಿರುವ ಜಾಗ. ನಮಗೇನು ಆಫೀಸಿಗೆ ಹೊತ್ತಾಗುತ್ತಿತ್ತಾ? ಅವತ್ತಿನಿಂದ ಹೊರಡುವ ದಿನದವರೆಗೆ ನಮ್ಮ ತಿರುಗಾಟವೆಲ್ಲ ಟ್ರಾಮಿನಲ್ಲೇ.

ಈ ಟ್ರಾಮ್ ಶುರುವಾದದ್ದು 1904ರಲ್ಲಿ. ಡಬಲ್ ಡೆಕ್ಕರ್ ಗಾಡಿಗಳು ಬಂದದ್ದು 1912ರಲ್ಲಿ. ಈಗ ಓಡುವುದೆಲ್ಲ ಎರಡು ಮಹಡಿಯದ್ದೇ. ತಲೆಯ ಮೇಲೆ ಒಂದು ಕೋಲು, ಅದು ಕರೆಂಟಿನ ತಂತಿಗೆ ತಾಗಿಕೊಂಡು ಬರುತ್ತದೆ. ಪಶ್ಚಿಮದ ಕೆನಡಿ ಟೌನಿನಿಂದ ಪೂರ್ವದ ಶಾವ್ ಕೆಯ್ ವಾನ್‌ವರೆಗೆ ಸುಮಾರು 13 ಕಿಲೋಮೀಟರ್, ನಡುವೆ ಹ್ಯಾಪಿ ವ್ಯಾಲಿ ಕಡೆಗೆ ಒಂದು ಸುತ್ತು. ಊರಿನ ಜನ ಇದನ್ನು ಡಿಂಗ್ ಡಿಂಗ್ ಎಂದೇ ಕರೆಯುತ್ತಾರೆ. ಅಡ್ಡ ಬಂದವರಿಗೆ ಡ್ರೈವರ್ ಎರಡು ಸಲ ಗಂಟೆ ಬಾರಿಸುತ್ತಾರೆ, ಅದೇ ಹೆಸರಾಗಿದೆ. ಮೊದಲ ದಿನ ಆ ಶಬ್ದ ಕೇಳಿ ನನ್ನ ಕೈ ತನ್ನಿಂದ ತಾನೇ ಮೇಲಿನ ಕಂಬಿಗೆ ಹೋಯಿತು. ನಾನು ಕೆಲಸಕ್ಕೆ ಸೇರಿದ ಕಾಲದ ಗಾಡಿಗಳಲ್ಲಿ ಹಗ್ಗ ಎಳೆದು ಬೆಲ್ ಹೊಡೆಯುತ್ತಿದ್ದೆವು. ಒಂದು ಬೆಲ್ ಅಂದರೆ ನಿಲ್ಲಿಸು, ಎರಡು ಅಂದರೆ ರೈಟ್, ಹೊರಡು.

ಟಿಕೆಟ್ಟಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ಟೇಜ್ ಲೆಕ್ಕ ಇಲ್ಲವೇ ಇಲ್ಲ. ಒಂದು ಸ್ಟಾಪು ಹೋಗಿ, ಕೊನೇವರೆಗೆ ಹೋಗಿ, ಒಂದೇ ದರ. ನಾವು ಹೋದಾಗ ದೊಡ್ಡವರಿಗೆ 3 ಡಾಲರ್, ಮಕ್ಕಳಿಗೆ ಒಂದೂವರೆ, 65 ದಾಟಿದವರಿಗೆ 1.30. ಒಂದು ಹಾಂಗ್‌ಕಾಂಗ್ ಡಾಲರ್ ಅಂದರೆ ಹೆಚ್ಚುಕಡಿಮೆ 11 ರೂಪಾಯಿ. ಅಲ್ಲಿಗೆ ನನಗೆ 67 ಆಗಿದ್ದರಿಂದ ಇಡೀ ಊರನ್ನು ಹದಿನಾಲ್ಕು, ಹದಿನೈದು ರೂಪಾಯಿಗೆ ನೋಡಿದೆ. (2025ರ ಮೇ ತಿಂಗಳಿಂದ ದೊಡ್ಡವರ ದರ 3.30 ಆಗಿದೆ.) ಅಷ್ಟು ದುಬಾರಿ ಊರಿನಲ್ಲಿ ಇಷ್ಟು ಅಗ್ಗದ್ದು ನಾನು ಇನ್ನೊಂದು ಕಾಣಲಿಲ್ಲ.

ಹತ್ತುವುದು ಹಿಂದಿನ ಬಾಗಿಲಲ್ಲಿ. ಇಳಿಯುವುದು ಮುಂದಿನ ಬಾಗಿಲಲ್ಲಿ, ಡ್ರೈವರ್ ಪಕ್ಕ. ದುಡ್ಡು ಕೊಡುವುದೂ ಇಳಿಯುವಾಗಲೇ. ಆಕ್ಟೋಪಸ್ ಅಂತ ಒಂದು ಕಾರ್ಡ್ ಇದೆ, ಅದನ್ನು ಯಂತ್ರಕ್ಕೆ ತಾಗಿಸಿದರೆ ಟಕ್ ಅಂತ ಶಬ್ದ, ಉಳಿದ ದುಡ್ಡು ಎಷ್ಟು ಅಂತ ತೋರಿಸುತ್ತದೆ. ಕಾರ್ಡ್ ಇಲ್ಲದವರು ಡಬ್ಬಿಗೆ ನಾಣ್ಯ ಹಾಕಬಹುದು. ಚಿಲ್ಲರೆ ವಾಪಸ್ ಬರುವುದಿಲ್ಲ. ಹಿಂದೆ ಇಲ್ಲೂ ಕಂಡಕ್ಟರುಗಳು ಇದ್ದರು, ಈಗ ಇಲ್ಲ. ಅದು ನನಗೆ ಸ್ವಲ್ಪ ಬೇಜಾರಿನ ವಿಷಯವೇ. ಆದರೆ ನೂರು ಜನ ತುಂಬಿದ ಗಾಡಿಯಲ್ಲಿ ಒಬ್ಬರೂ ದುಡ್ಡು ಕೊಡದೆ ಇಳಿಯಲಿಲ್ಲ. ಇಳಿಯುವವರಿಗೆ ನಿಂತವರು ಮೈ ಓರೆ ಮಾಡಿ ಜಾಗ ಬಿಡುತ್ತಾರೆ. "ಮುಂದೆ ಹೋಗಿ ಸ್ವಾಮಿ, ಮುಂದೆ ಹೋಗಿ" ಅಂತ ಮೂವತ್ತೊಂದು ವರ್ಷ ಕೂಗಿದವನಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು.

ಹೋಗುವ ಹಿರಿಯರಿಗೆ ಒಂದು ಮಾತು. 65 ಆಗಿದ್ದರೆ ಹಿರಿಯರ ಆಕ್ಟೋಪಸ್ ಕಾರ್ಡನ್ನೇ ಕೇಳಿ ತಗೊಳ್ಳಿ. ಮೆಟ್ರೋ ಸ್ಟೇಷನ್ ಕೌಂಟರಿನಲ್ಲಿ ಸಿಗುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ. ಅದರಲ್ಲಿ 50 ಡಾಲರ್ ಡಿಪಾಸಿಟ್, ಕಾರ್ಡ್ ವಾಪಸ್ ಕೊಟ್ಟರೆ ಸ್ವಲ್ಪ ಶುಲ್ಕ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ.

ಮೇಲಿನ ಮಹಡಿಯ ಮುಂದಿನ ಸೀಟು ಸಿಕ್ಕರೆ ಬಿಡಬೇಡಿ. ನಾನೂ ಏಳು ವರ್ಷದ ಮೊಮ್ಮಗಳೂ ಅದಕ್ಕೋಸ್ಕರ ಎರಡು ಗಾಡಿ ಬಿಟ್ಟು ಮೂರನೆಯದು ಹತ್ತಿದ ದಿನಗಳಿವೆ. ಗಾಡಿಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಮೊಮ್ಮಗಳಿಗೆ ಮನೆಯಲ್ಲಿ ಕನ್ನಡ ಅರ್ಥವಾಗುತ್ತದೆ, ಮಾತಾಡುವುದು ಕಡಿಮೆ. ಟ್ರಾಮಿನಲ್ಲಿ ಅವಳು ಅಂಗಡಿಯ ಬೋರ್ಡಿನ ಚೀನೀ ಅಕ್ಷರ ಓದಿ ಹೇಳುವಳು, ನಾನು ಅದಕ್ಕೆ ಕನ್ನಡದಲ್ಲಿ ಏನು ಅನ್ನುತ್ತಾರೆ ಅಂತ ಹೇಳುವೆ. ಬ್ಯಾಂಕ್, ಔಷಧಿ, ಚಿನ್ನ, ಮೀನು. ಮೂರನೇ ದಿನಕ್ಕೆ ಅವಳೇ, "ತಾತಾ, ಚಿನ್ನದ ಅಂಗಡಿ ಬಂತು" ಅಂದಳು. ಅದನ್ನು ಕೇಳಿ ನನಗೆ ಆದ ಖುಷಿ ಹೇಳಲಾರೆ. ನೆಲದ ಕೆಳಗೆ ಓಡುವ ಮೆಟ್ರೋದಲ್ಲಿ ಇದು ಆಗುತ್ತಿತ್ತಾ?

ದಾರಿಯಲ್ಲಿ ಏನೇನು ಕಾಣುತ್ತದೆ ಅಂತ ಎಲ್ಲ ಬರೆಯುವುದಿಲ್ಲ. ಸೆಂಟ್ರಲ್‌ನಲ್ಲಿ ತ್ರಿಕೋನ ತ್ರಿಕೋನವಾಗಿ ಕಟ್ಟಿದ ಬ್ಯಾಂಕ್ ಆಫ್ ಚೈನಾ ಗೋಪುರ, ಎಚ್‌ಎಸ್‌ಬಿಸಿ ಬ್ಯಾಂಕಿನ ಮುಂದಿನ ಕಂಚಿನ ಸಿಂಹಗಳು, ಆಮೇಲೆ ಒಣಗಿಸಿದ ಮೀನು, ಸಿಗಡಿ ಮಾರುವ ಬೀದಿ. ಅಲ್ಲಿ ನನ್ನ ಹೆಂಡತಿ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಕೂತಿದ್ದಳು. ರಸ್ತೆ ಯಾಕೆ ಇಷ್ಟು ಬಳಸಿಕೊಂಡು ಹೋಗುತ್ತದೆ ಅಂತ ಅಳಿಯನನ್ನು ಕೇಳಿದೆ. ಹಳಿ ಹಾಕಿದಾಗ ಬಹುಪಾಲು ಸಮುದ್ರದ ದಡವೇ ಇಲ್ಲಿತ್ತಂತೆ, ಆಮೇಲೆ ಮಣ್ಣು ತುಂಬಿ ಸಮುದ್ರವನ್ನು ದೂರ ತಳ್ಳಿದ್ದಾರೆ. ಹ್ಯಾಪಿ ವ್ಯಾಲಿ ಗಾಡಿ ಕುದುರೆ ರೇಸಿನ ಮೈದಾನ ಸುತ್ತಿ ಬರುತ್ತದೆ. ಅಲ್ಲೇ 1953ರಲ್ಲಿ ಕಟ್ಟಿದ ಹಿಂದೂ ದೇವಸ್ಥಾನ ಇದೆ, ಒಂದು ಬೆಳಿಗ್ಗೆ ಕೈಮುಗಿದು ಬಂದೆವು.

ನಿಮಗೆ ಒಂದೇ ಸಲ ಟ್ರಾಮ್ ಹತ್ತಲು ಹೊತ್ತಿದ್ದರೆ, ಪಶ್ಚಿಮದ ಕಡೆಯಿಂದ ನಾರ್ತ್ ಪಾಯಿಂಟ್ ಅಂತ ಬೋರ್ಡ್ ಇರುವುದನ್ನೇ ಹತ್ತಿ. ಕೊನೆಗೆ ಅದು ದೊಡ್ಡ ರಸ್ತೆ ಬಿಟ್ಟು ಚುನ್ ಯಂಗ್ ಬೀದಿಗೆ ತಿರುಗುತ್ತದೆ. ಅದು ಸಂತೆ ಬೀದಿ. ಹಳಿಯ ಎರಡೂ ಕಡೆ ಸೊಪ್ಪು, ಹಣ್ಣು, ಮಾಂಸದ ಅಂಗಡಿಗಳು. ಜನ ಹಳಿಯ ಮೇಲೇ ನಿಂತು ಚೌಕಾಸಿ ಮಾಡುತ್ತಿರುತ್ತಾರೆ. ಗಾಡಿ ಆಳು ನಡೆಯುವಷ್ಟು ನಿಧಾನವಾಯಿತು. ಡಿಂಗ್ ಡಿಂಗ್. ಶುಂಠಿ ಆರಿಸುತ್ತಿದ್ದ ಒಬ್ಬ ಅಜ್ಜಿ ತಲೆ ಎತ್ತಲಿಲ್ಲ, ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಶುಂಠಿ ಮುರಿದು ನೋಡತೊಡಗಿದರು. ಗಾಡಿಗೂ ಅವರ ಬುಟ್ಟಿಗೂ ನಡುವೆ ಒಂದು ಗೇಣು ಇತ್ತೇನೋ. ಡ್ರೈವರ್ ಕೂಗಾಡಲಿಲ್ಲ, ಅಜ್ಜಿಯೂ ಬೈಯಲಿಲ್ಲ. ಗಾಡಿ ಹೋದದ್ದೇ ತಡ, ಜನ ಮತ್ತೆ ಹಳಿ ತುಂಬಿಕೊಂಡರು, ನೀರು ಕೂಡಿಕೊಂಡ ಹಾಗೆ. ನಾನು ಹಿಂದಿನ ಕಿಟಕಿಗೆ ಹೋಗಿ ಅದನ್ನೇ ನೋಡುತ್ತಾ ನಿಂತೆ.

ಇಳಿದ ಮೇಲೆ ಹೆಂಡತಿ ಸಂತೆ ಸುತ್ತಿದಳು. ಹೀರೇಕಾಯಿ ಸಿಕ್ಕಿತು, ಬೂದುಗುಂಬಳ ಹೋಳು ಮಾಡಿ ಮಾರುತ್ತಿದ್ದರು. "ನೋಡ್ರೀ, ನಮ್ಮೂರಿನ ತರಕಾರಿ" ಅಂತ ಎರಡೂ ತಗೊಂಡಳು. ಆ ರಾತ್ರಿ 23ನೇ ಮಹಡಿಯಲ್ಲಿ ಬೂದುಗುಂಬಳದ ಮಜ್ಜಿಗೆ ಹುಳಿ.

ಕೊರತೆಗಳನ್ನೂ ಹೇಳಬೇಕಲ್ವಾ. ಎಸಿ ಇಲ್ಲ. ನವೆಂಬರಿನಲ್ಲಿ ಕಿಟಕಿಯ ಗಾಳಿಯೇ ಸಾಕು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಸೆಕೆ, ಬೆವರು ಜಾಸ್ತಿ. ಆಗ ವಯಸ್ಸಾದವರನ್ನು ಈ ಕೊನೆಯಿಂದ ಆ ಕೊನೆಗೆ ಒಂದೂವರೆ ಗಂಟೆ ಕೂರಿಸಬೇಡಿ. ಸಂಜೆ ಆರರ ಹೊತ್ತಿಗೆ ರಶ್ ಇರುತ್ತದೆ. ಸ್ಟಾಪುಗಳು ರಸ್ತೆಯ ನಡುವೆ, ಇಕ್ಕಟ್ಟಾದ ಕಟ್ಟೆಗಳ ಮೇಲೆ ಇವೆ, ಮಗುವಿನ ಕೈ ಬಿಡಬಾರದು. ಮೇಲಕ್ಕೆ ಹೋಗುವ ಮೆಟ್ಟಿಲು ತುಂಬಾ ಕಿರಿದು, ತಿರುಗಿಕೊಂಡು ಹೋಗುತ್ತದೆ, ಗಾಡಿ ಓಡುತ್ತಿರುವಾಗಲೇ ಹತ್ತಬೇಕು. ನನ್ನ ಹೆಂಡತಿಗೆ ಮಂಡಿ ನೋವು. ಅವಳು ಒಂದು ದಿನವೂ ಮೇಲೆ ಬರಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಅವಳು ಕೂರುತ್ತಿದ್ದದ್ದು ಕೆಳಗೆ, ಕಿಟಕಿ ಪಕ್ಕ. ಒಂದೊಂದು ಸಲ ಊರಿನ ಅಜ್ಜಿಯರು ತರಕಾರಿ ಚೀಲ ಹಿಡಿದು ಪಕ್ಕದಲ್ಲಿ ಕೂರುವರು. ಅವಳಿಗೆ ಕ್ಯಾಂಟನೀಸ್ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಆದರೂ ಒಂದು ದಿನ ನಾವು ಮೆಟ್ಟಿಲು ಇಳಿದು ಬಂದಾಗ ಇಬ್ಬರೂ ಚೀಲ ಬಿಚ್ಚಿ ಸೊಪ್ಪು ತೋರಿಸಿಕೊಂಡು ಕೂತಿದ್ದರು. ನಮ್ಮ ಸ್ಟಾಪು ಬಂದಿತ್ತು. "ಒಂದು ನಿಮಿಷ ಇರ್ರೀ" ಅಂದಳು.