ಲೆಕ್ಸಸ್ ಇಎಸ್ 300ಎಚ್: ಐದು ವರ್ಷ, 72 ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ

ಅಪ್ಪನಿಗೆ ಎಂಬತ್ತು ದಾಟಿದೆ, ಕಿವಿ ಮಂದ. ಹಳೇ ಕಾರಿನಲ್ಲಿ ಮೈಸೂರಿಗೆ ಹೋಗುವಾಗ ಅವರ ಜೊತೆ ಕೂಗಿ ಮಾತಾಡಬೇಕಿತ್ತು. ರಾಮನಗರ ದಾಟುವಷ್ಟರಲ್ಲಿ ಅವರೂ ಸುಮ್ಮನಾಗುತ್ತಿದ್ದರು, ನಾವೂ ಸುಮ್ಮನಾಗುತ್ತಿದ್ದೆವು. 2020ರ ಕೊನೆಯಲ್ಲಿ ಈ ಕಾರು ತಗೊಂಡು ಮೊದಲ ಸಲ ಊರಿಗೆ ಹೊರಟಾಗ, ಹಿಂದಿನ ಸೀಟಿನಲ್ಲಿ ಮಗಳು ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ ಕಥೆ ಹೇಳುತ್ತಿದ್ದಳು. ಅಪ್ಪ ನಡುನಡುವೆ ಪ್ರಶ್ನೆ ಕೇಳಿದರು, ನಕ್ಕರು. "ಇವಳು ಹೇಳೋದೆಲ್ಲ ಸರಿಯಾಗಿ ಕೇಳ್ತಿದೆ ಕಣೋ" ಅಂದರು. ಆಗ ನಮ್ಮ ವೇಗ ನೂರರ ಆಸುಪಾಸಿನಲ್ಲಿತ್ತು.

ಆ ದುಡ್ಡಿಗೆ ಬಿಎಂಡಬ್ಲ್ಯು 5 ಸೀರೀಸ್, ಮರ್ಸಿಡಿಸ್ ಇ-ಕ್ಲಾಸ್, ಆಡಿ ಎ6 ಎಲ್ಲವನ್ನೂ ನೋಡಿದ್ದೆ. ಬಿಎಂಡಬ್ಲ್ಯು ಸ್ಟೇರಿಂಗ್ ಹಿಡಿದವನ ಖುಷಿಯನ್ನು ಮಾರುತ್ತದೆ. ಮರ್ಸಿಡಿಸ್ ನಮ್ಮ ದೇಶಕ್ಕೆ ಉದ್ದದ ಇ-ಕ್ಲಾಸ್ ತಂದು ಹಿಂದೆ ಕೂರುವ ಯಜಮಾನನನ್ನು ಹಿಡಿದುಕೊಂಡಿದೆ, ಮೂರು ಮೊನೆಯ ನಕ್ಷತ್ರದ ಗತ್ತಂತೂ ಇದ್ದೇ ಇದೆ. ಇವರ ನಡುವೆ ಟೊಯೊಟಾ ಮನೆಯ ಮಗು, ಅದರ ಐಷಾರಾಮಿ ಬ್ರ್ಯಾಂಡ್ ಲೆಕ್ಸಸ್ ಎಲ್ಲಿ ಕೂರಬೇಕು?

ಅದು ತನ್ನ ಜಾಗ ಹುಡುಕಿಕೊಂಡಿದ್ದು 1989ರಲ್ಲಿ, ಅಮೆರಿಕದಲ್ಲಿ. ಮೊದಲ ಎಲ್‌ಎಸ್ 400 ಕಾರಿನ ಬೆಲೆ ಸುಮಾರು 35,000 ಡಾಲರ್, ಅದೇ ಗಾತ್ರದ ಜರ್ಮನ್ ಕಾರುಗಳಿಗಿಂತ ತುಂಬಾ ಕಡಿಮೆ. ಜಾಹೀರಾತಿನಲ್ಲಿ ಬಾನೆಟ್ ಮೇಲೆ ಶಾಂಪೇನ್ ಗ್ಲಾಸುಗಳ ಗೋಪುರ ಕಟ್ಟಿ, ರೋಲರ್ ಮೇಲೆ ಚಕ್ರಗಳನ್ನು ಭರ್ರನೆ ಓಡಿಸಿದರು. ಒಂದು ಗ್ಲಾಸೂ ಬೀಳಲಿಲ್ಲ. ಅದೇ ವರ್ಷ ನಿಸ್ಸಾನ್ ತನ್ನ ಐಷಾರಾಮಿ ಬ್ರ್ಯಾಂಡ್ ಇನ್ಫಿನಿಟಿ ತಂದಿತು, ಜಾಹೀರಾತಿನಲ್ಲಿ ಕಾರನ್ನೇ ತೋರಿಸದೆ ಬಂಡೆ, ಮರ ತೋರಿಸಿತು. ಕಾರು ಕೊಳ್ಳಲು ಬಂದವರಿಗೆ ಗ್ಲಾಸುಗಳ ಭಾಷೆಯೇ ಬೇಗ ಅರ್ಥವಾಗುವುದು ಸಹಜ. ವರ್ಷ ಮುಗಿಯುವುದರೊಳಗೆ ಒಂದು ದೋಷಕ್ಕಾಗಿ ಲೆಕ್ಸಸ್ ಸುಮಾರು 8,000 ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಆಗ ಮನೆಬಾಗಿಲಿಗೇ ಬಂದು ಕಾರು ಒಯ್ದು, ರಿಪೇರಿ ಮಾಡಿ, ತೊಳೆದು, ಪೆಟ್ರೋಲ್ ತುಂಬಿಸಿ ವಾಪಸ್ ತಂದುಕೊಟ್ಟರು. ಆ ಬ್ರ್ಯಾಂಡಿಗೆ ಗಟ್ಟಿ ಹೆಸರು ಬಂದಿದ್ದು ಅಲ್ಲಿಂದ ಎಂದು ನಾನು ನಂಬಿದ್ದೇನೆ.

ಭಾರತಕ್ಕೆ ಲೆಕ್ಸಸ್ ಬಂದಿದ್ದು 2017ರಲ್ಲಿ. ಆಮದಾಗಿ ಬರುತ್ತಿದ್ದಾಗ ಈ ಇಎಸ್‌ನ ಎಕ್ಸ್-ಶೋರೂಂ ಬೆಲೆ ಸುಮಾರು 59 ಲಕ್ಷ. 2020ರಲ್ಲಿ ಬಿಡದಿಯಲ್ಲೇ ಜೋಡಿಸಲು ಶುರು ಮಾಡಿದ ಮೇಲೆ ಆರಂಭದ ಬೆಲೆ 52 ಲಕ್ಷದ ಹತ್ತಿರಕ್ಕೆ ಇಳಿಯಿತು. ನಾನು ಮನಸ್ಸು ಮಾಡಿದ್ದೂ ಆಗಲೇ. ತಟ್ಟೆ ಇಡ್ಲಿ ತಿನ್ನಲು ಬಿಡದಿಯ ಹಳೇ ರಸ್ತೆಯಲ್ಲಿ ನಿಲ್ಲಿಸಿದಾಗಲೆಲ್ಲ, ನನ್ನ ಕಾರಿನ ತವರು ಇದು ಎಂದು ಸಂತೋಷವಾಗುತ್ತದೆ.

ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ: "ಇದು ಕ್ಯಾಮ್ರಿನೇ ಅಲ್ವಾ?" ಕ್ಯಾಮ್ರಿ ಅಂದರೆ ಟೊಯೊಟಾ ಹೆಸರಿನಲ್ಲೇ ಬರುವ ಸೆಡಾನ್. ಹೌದು, ಆಗಿನ ಕ್ಯಾಮ್ರಿಯದೇ 2.5 ಲೀಟರ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರ್), ಒಟ್ಟು 218 ಎಚ್‌ಪಿ, ಮೂಲ ಚೌಕಟ್ಟೂ ಒಂದೇ. ನಾನು ತಗೊಂಡಾಗ ಎರಡರ ನಡುವೆ ಹತ್ತು ಲಕ್ಷಕ್ಕೂ ಹೆಚ್ಚು ಅಂತರವಿತ್ತು. ಆ ದುಡ್ಡಿಗೆ ಉದ್ದವಾದ ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ) ಸಿಗುತ್ತದೆ, ಸದ್ದು ತಡೆಯುವ ಗಾಜು, ಒಳ್ಳೆಯ ಸೀಟು, ಬೇರೆಯದೇ ಒಳಾಂಗಣ ಸಿಗುತ್ತದೆ. ಒಬ್ಬರೇ ಓಡಿಸಿಕೊಂಡು ಹೋಗುವವರಾದರೆ ಕ್ಯಾಮ್ರಿ ಸಾಕು, ಉಳಿದ ದುಡ್ಡು ಬ್ಯಾಂಕಿನಲ್ಲಿಡಿ. ಹಿಂದೆ ಅಪ್ಪ ಅಮ್ಮ ಕೂರುತ್ತಾರೆ ಎಂದರೆ ಲೆಕ್ಕ ಬೇರೆ.

ಓಡಿಸುವ ಖುಷಿಯಲ್ಲಿ ಜರ್ಮನ್ನರೇ ಮುಂದೆ, ಇದರಲ್ಲಿ ಅನುಮಾನವಿಲ್ಲ. ಇದು ಮುಂದಿನ ಚಕ್ರ ಎಳೆಯುವ ಕಾರು, ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವ ಗೇರ್ ಬದಲು ಇ-ಸಿವಿಟಿ ಎಂಬ ಆಟೋಮ್ಯಾಟಿಕ್ ವ್ಯವಸ್ಥೆ. ಚಾರ್ಮಾಡಿ ಘಾಟಿಯಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಮೊದಲು ಸದ್ದು ಏರುತ್ತದೆ, ಆಮೇಲೆ ವೇಗ. ಮೆಲ್ಲಗೆ ಒತ್ತುವುದನ್ನು ಕಲಿತೆ. ಸಿಲ್ಕ್ ಬೋರ್ಡ್ ಕಡೆಯ ದಟ್ಟಣೆಯಲ್ಲಂತೂ ಇದಕ್ಕೆ ಸರಿಸಾಟಿ ಇಲ್ಲ. ಎಂಜಿನ್ ಆಫ್ ಆಗಿ, ಬ್ಯಾಟರಿಯಲ್ಲೇ ಓಡುತ್ತಿದೆ ಎಂದು ಹೇಳುವ ಹಸಿರು ಇವಿ ದೀಪ ಹೊತ್ತಿ, ಕಾರು ತೆವಳುತ್ತಾ ಸಾಗುತ್ತದೆ. ನಗರದೊಳಗೆ ನನಗೆ ಲೀಟರಿಗೆ 16-17 ಕಿಲೋಮೀಟರ್ ಬರುತ್ತಿದೆ.

ಇದಕ್ಕೂ ಮೊದಲು ಬೇರೊಂದು ಐಷಾರಾಮಿ ಕಾರಿತ್ತು, ಹೆಸರು ಬೇಡ. ಒಂದು ಸೆನ್ಸರ್‌ಗಾಗಿ ಮೂರು ವಾರ ಅದು ವರ್ಕ್‌ಶಾಪ್‌ನಲ್ಲಿ ನಿಂತಿತ್ತು. ದಿನಾ ಫೋನ್ ಮಾಡಿದರೂ "ನಾಳೆ ಬರುತ್ತೆ ಸಾರ್" ಎಂಬ ಒಂದೇ ಉತ್ತರ. ಈ ಐದು ವರ್ಷದಲ್ಲಿ ಇದಕ್ಕೆ ಬದಲಿಸಿದ್ದು ಟೈರು, ಬ್ರೇಕ್ ಪ್ಯಾಡ್, 12 ವೋಲ್ಟ್ ಬ್ಯಾಟರಿ. ಹಿಂದಿನ ಸೀಟಿನಡಿ ಇರುವ ಹೈಬ್ರಿಡ್ ಬ್ಯಾಟರಿ ಇನ್ನೂ ಗಟ್ಟಿಯಾಗಿದೆ.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಒಂದು ಮಾತು: 2021ರ ಕೊನೆಗೆ ಬಂದ ಪರಿಷ್ಕೃತ ಮಾದರಿಯಲ್ಲಿ ಟಚ್‌ಸ್ಕ್ರೀನ್ ಇದೆ. ಅದಕ್ಕೂ ಹಿಂದಿನದರಲ್ಲಿ ಟಚ್‌ಪ್ಯಾಡ್ ಮಾತ್ರ, ಓಡಿಸುತ್ತಾ ಅದರಲ್ಲಿ ಬೆರಳಾಡಿಸುವುದು ಕಷ್ಟ. ಟೆಸ್ಟ್ ಡ್ರೈವ್‌ಗೆ ಹೋಗುವಾಗ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ. ಅವರನ್ನು ಹಿಂದೆ ಕೂರಿಸಿ, ಕಾಂಕ್ರೀಟ್ ರಸ್ತೆಯಲ್ಲಿ ಎಂಬತ್ತಕ್ಕೆ ಹೋಗಿ, ದನಿ ಏರಿಸದೆ ಏನಾದರೂ ಮಾತಾಡಿಸಿ ನೋಡಿ.