ಮೆರೀನ್ ಟ್ಯಾಂಕಿಗೆ ಅಂಬಾಲಾ ಮೈಕ್ರೋಸ್ಕೋಪ್: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ

ರೇಟಿಂಗ್: 5ರಲ್ಲಿ 4. ಒಂದು ಸ್ಟಾರ್ ಕಟ್ ಮಾಡಿದ್ದು ಯಾಕೆ ಅಂತ ಕೆಳಗೆ ಉಂಟು.

ಕಾಲೇಜ್ ಲ್ಯಾಬಲ್ಲಿ ಇರ್ತದಲ್ಲ, ಅದೇ ಸ್ಟೂಡೆಂಟ್ ಮೈಕ್ರೋಸ್ಕೋಪ್, ಹರಿಯಾಣದ ಅಂಬಾಲಾದಲ್ಲಿ ಮಾಡುದು. 10ಎಕ್ಸ್ ಐಪೀಸ್, ಕೆಳಗೆ 4, 10, 40, 100ಎಕ್ಸ್ ಲೆನ್ಸ್, ಎಲ್‌ಇಡಿ ಲೈಟ್. ಕಂಪೆನಿ ಹೆಸರು ಹಾಕುದಿಲ್ಲ, ಅಲ್ಲಿಂದ ಬರುವ ಈ ರೇಂಜಿನದ್ದು ನೋಡ್ಲಿಕ್ಕೆ ಎಲ್ಲ ಹೆಚ್ಚುಕಮ್ಮಿ ಒಂದೇ ತರ. ಒಂದು ಒಳ್ಳೆ ಪೌಡರ್ ಬ್ಲೂ ಟ್ಯಾಂಗ್ ಮೀನು ತಗೊಳ್ಳುವ ದುಡ್ಡಲ್ಲಿ ಬಂತು. ಮನೆಯಲ್ಲಿ "ಮೀನಿಗೆ ಮೈಕ್ರೋಸ್ಕೋಪ್ ಯಾವ ಲೋಕದ್ದು ಮಾರಾಯ್ರೆ" ಅಂತ ಕೇಳಿದ್ರು, ಅದೂ ಆಯ್ತು.

ಸಮುದ್ರದ ಮೀನು ಸಾಕುವವರಿಗೆ ಇದು ಯಾಕೆ ಅಂದ್ರೆ, ಮೀನಿನ ಮೈಮೇಲೆ ಬಿಳಿ ಏನು ಕಂಡ್ರೂ ಅಂಗಡಿಯಲ್ಲಿ ಒಂದೇ ಉತ್ತರ, ಕಾಪರ್, ಅಂದ್ರೆ ನೀರಿಗೆ ಹಾಕುವ ತಾಮ್ರದ ಮದ್ದು. ನನ್ನ ಕ್ಲೌನ್ ಮೀನಿನ ಜೋಡಿ ಬಂದ ಮರುದಿನವೇ ಮೈಯಿಂದ ಲೋಳೆ ಪದರ ಪದರವಾಗಿ ಬಿಡ್ಲಿಕ್ಕೆ ಶುರು, ಬಾಯಿ ತೆರೆದು ಮೇಲೆಯೇ ನಿಂತಿದ್ದವು. ಅಂಗಡಿಗೆ ಫೋನ್ ಮಾಡಿದ್ರೆ "ಅದು ಇಕ್ ಅಣ್ಣ, ಕಾಪರ್ ಹಾಕಿ, ಸರಿ ಆಗ್ತದೆ" ಅಂದ. ಇಕ್ ಅಂದ್ರೆ ಬಿಳಿ ಚುಕ್ಕೆ ರೋಗ. ನಾನು ಮೊದಲು ಮೀನಿನ ಲೋಳೆ ತೆಗೆದು ಸ್ಲೈಡ್ ಮಾಡಿದೆ. 10ಎಕ್ಸ್ ಲೆನ್ಸಲ್ಲಿ ನೋಡಿದ್ರೆ ಕಿಡ್ನಿ ಆಕಾರದ ಚಪ್ಪಟೆ ಜೀವಿಗಳು, ಒಂದು ಬದಿಯಲ್ಲಿ ಸಣ್ಣ ಕಚ್ಚು, ಲೋಳೆ ಒಳಗೆ ಜಾರಿಕೊಂಡು ಓಡಾಡ್ತಾ ಇದ್ದವು, ಲೆಕ್ಕವೇ ಇಲ್ಲ. ಅದು ಬ್ರೂಕ್ಲಿನೆಲ್ಲಾ, ಮೀನಿಗೆ ಹಿಡಿಯುವ ಬೇರೆ ಒಂದು ಪರೋಪಜೀವಿ. ಅದಕ್ಕೆ ಕಾಪರ್ ನಾಟುದಿಲ್ಲ, ಫಾರ್ಮಲಿನ್ ಬಾತ್ ಬೇಕು, ಅಂದ್ರೆ ಆ ಮದ್ದು ಬೆರೆಸಿದ ನೀರಲ್ಲಿ ಮೀನನ್ನು ಸ್ವಲ್ಪ ಹೊತ್ತು ಬಿಡುದು, ಅದೂ ಬೇಗ. ಎರಡೂ ಉಳಿದವು, ಈಗಲೂ ಉಂಟು. (ಫಾರ್ಮಲಿನ್ ಮುಟ್ಟುವವರು ಗಮನಿಸಿ: ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ, ಏರ್ ಸ್ಟೋನ್ ಜೋರಾಗಿ ಬಿಡಿ ಯಾಕಂದ್ರೆ ಅದು ನೀರಿನ ಆಕ್ಸಿಜನ್ ತೆಗೀತದೆ. ಬಾಟ್ಲಿ ತಳದಲ್ಲಿ ಬಿಳಿ ಗಸಿ ಕೂತಿದ್ರೆ ಆ ಬಾಟ್ಲಿಯೇ ಬೇಡ, ಆ ಗಸಿ ಮೀನಿಗೆ ಇನ್ನೂ ದೊಡ್ಡ ವಿಷ.)

ಸ್ಲೈಡ್ ಮಾಡುದು ಹೇಗೆ ಅಂತ ತುಂಬ ಜನ ಕೇಳ್ತಾರೆ. ಒದ್ದೆ ಕೈಯಲ್ಲಿ ಮೀನು ಹಿಡ್ಕೊಂಡು, ಕವರ್ ಸ್ಲಿಪ್ಪಿನ (ಸ್ಲೈಡ್ ಮೇಲೆ ಮುಚ್ಚುವ ತೆಳು ಗಾಜು) ಅಂಚಿಂದ ಎದೆಯ ರೆಕ್ಕೆಯ ಹಿಂದೆ ತಲೆಯಿಂದ ಬಾಲದ ಕಡೆಗೆ ಒಂದು ಸಲ ಮೆಲ್ಲ ಎಳೀಬೇಕು, ಉಲ್ಟಾ ಎಳೆದ್ರೆ ಪೊರೆ ಕಿತ್ತು ಬರ್ತದೆ. ಸ್ಲೈಡ್ ಮೇಲೆ ಅದೇ ಟ್ಯಾಂಕಿನ ಉಪ್ಪು ನೀರು ಒಂದು ಹನಿ, ನಳ್ಳಿ ನೀರು ಹಾಕಿದ್ರೆ ನೋಡ್ಬೇಕಾದ ಜೀವಿಯೇ ಒಡೆದು ಹೋಗ್ತದೆ. ಕೂಡಲೇ ನೋಡಿ, ಸತ್ತು ತುಂಬ ಹೊತ್ತಾದ ಮೀನಲ್ಲಿ ಏನೂ ಸಿಗುದಿಲ್ಲ, ಅವು ಬಿಟ್ಟು ಹೋಗಿರ್ತವೆ. ಮತ್ತೆ ಒಂದು ವಿಷಯ ಮ್ಯಾನುಯಲಲ್ಲಿ ಇಲ್ಲ: ಲೈಟ್ ಪೂರ್ತಿ ಕೊಟ್ಟು ನೋಡಿದ್ರೆ ಎಲ್ಲ ಬೆಳ್ಳಗೆ ಕಾಣ್ತದೆ, ಬೆಳಕು ಕಮ್ಮಿಜಾಸ್ತಿ ಮಾಡುವ ಕೆಳಗಿನ ಡಯಾಫ್ರಮ್ ಅರ್ಧಕ್ಕಿಂತ ಜಾಸ್ತಿ ಮುಚ್ಚಿ, ಆಗ ಅಂಚುಗಳು ಎದ್ದು ಕಾಣ್ತವೆ. ಕಿವಿರಿನ ತುಂಡು ತೆಗೆಯುದು ಮಾತ್ರ ಮನೆಯಲ್ಲಿ ಬೇಡ, ಅದು ಗೊತ್ತಿದ್ದವರ ಕೆಲಸ.

ಇಕ್, ಅಂದ್ರೆ ಕ್ರಿಪ್ಟೋಕ್ಯಾರಿಯಾನ್, 4ಎಕ್ಸಲ್ಲೇ ಸಿಗ್ತದೆ. ದೊಡ್ಡ ಕಪ್ಪು ಉಂಡೆ, ಸುತ್ತ ಸಣ್ಣ ರೋಮ, ನಿಂತಲ್ಲೇ ನಿಧಾನ ತಿರುಗ್ತಾ ಇರ್ತದೆ, ಫಸ್ಟ್ ಟೈಮ್ ನೋಡಿದಾಗ ಊಟಕ್ಕೆ ಕರೆದ್ರೂ ಏಳ್ಲಿಕ್ಕೆ ಮನಸ್ಸಾಗ್ಲಿಲ್ಲ. ಅದು ಮೀನಿನ ಮೈಯಲ್ಲಿ ಇರುದು 3ರಿಂದ 7 ದಿನ, ಆಮೇಲೆ ಉದುರಿ ಮರಳಲ್ಲೋ ಕಲ್ಲಲ್ಲೋ ಗೂಡು ಕಟ್ತದೆ, ಚುಕ್ಕೆ ಹೋಯ್ತು ಅಂತ ನಾವು ಖುಷಿಯಲ್ಲಿ ಇರ್ತೇವೆ, ಗೂಡು ಒಡೆದು ಮರಿಗಳು ಈಜ್ಲಿಕ್ಕೆ ಬಂದಾಗ ಹಿಂದಿಗಿಂತ ಡಬಲ್. ಕಾಪರ್ ಕೊಲ್ಲುದು ಈ ಈಜುವ ಮರಿಗಳನ್ನು ಮಾತ್ರ, ಮೈಯೊಳಗೆ ಕೂತದ್ದನ್ನೂ ಅಲ್ಲ, ಗೂಡನ್ನೂ ಅಲ್ಲ. ಹಾಗಾಗಿ ಮೀನನ್ನು ಬೇರೆ ಟ್ಯಾಂಕಿಗೆ ಹಾಕಿ ಕಾಪರ್ ಲೆವೆಲ್ ಇಳಿಯದ ಹಾಗೆ 30 ದಿನ ಇಡ್ಬೇಕು, ದಿನಾ ಟೆಸ್ಟ್ ಮಾಡಿ. ಎಷ್ಟು ಲೆವೆಲ್ ಅಂತ ಬಾಟ್ಲಿ ನೋಡಿಯೇ ಹೇಳ್ಬೇಕು, ಒಂದರಲ್ಲಿ ಟಾರ್ಗೆಟ್ 0.5 ಪಿಪಿಎಂ ಇದ್ರೆ ಚೀಲೇಟೆಡ್ ಕಾಪರಲ್ಲಿ (ಬೇರೆ ರಾಸಾಯನಿಕದ ಜೊತೆ ಕಟ್ಟಿದ ಕಾಪರ್) ಅದು 2ರ ಮೇಲೆ ಹೋಗ್ತದೆ, ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದ್ರೆ ಮೀನಿನ ಕಥೆ ಮುಗೀತು. ಹವಳ, ಸಿಗಡಿ, ಲೈವ್ ರಾಕ್ (ಜೀವಿಗಳು ತುಂಬಿದ ಸಮುದ್ರದ ಕಲ್ಲು) ಇರುವ ಮೇನ್ ಟ್ಯಾಂಕಿಗೆ ಕಾಪರ್ ಬೇಡವೇ ಬೇಡ. ಅದನ್ನು ಮೀನಿಲ್ಲದೆ ಖಾಲಿ ಬಿಡ್ಬೇಕು, ಹಾಬಿಯವರು ಹಿಡಿಯುವ ಲೆಕ್ಕ 76 ದಿನ. ಉದ್ದ ಅನಿಸ್ತದೆ, ಆದ್ರೆ ಕೆಲವು ಗೂಡು ಎರಡು ತಿಂಗಳು ದಾಟಿಯೂ ಒಡೆದದ್ದು ದಾಖಲೆ ಆಗಿದೆ.

ನನಗೆ ನಿಜವಾಗಿ ಹೆದರಿಕೆ ಇರುದು ವೆಲ್ವೆಟ್ ಮೇಲೆ. ಅಮೈಲೋಊಡಿನಿಯಂ ಅನ್ನುವ ಪರೋಪಜೀವಿಯಿಂದ ಬರುವ ರೋಗ. ಸರಿಯಾದ ಆ್ಯಂಗಲಲ್ಲಿ ಟಾರ್ಚ್ ಹಾಕಿದ್ರೆ ಮೈಗೆ ಅರಿಶಿನ ಹುಡಿ ಉದುರಿಸಿದ ಹಾಗೆ ಕಾಣ್ತದೆ, ಕೆಲವು ಸಲ ಅದೂ ಇಲ್ಲ, ಯಾಕಂದ್ರೆ ಮೊದಲು ಹಿಡಿಯುದು ಕಿವಿರನ್ನು. ಮೀನು ಊಟ ಬಿಟ್ಟು, ಲೈಟಿಗೆ ಅಡಗಿ, ಪಂಪಿನ ನೀರಿಗೆ ಮುಖ ಕೊಟ್ಟು ಏದುಸಿರು ಬಿಡ್ತಿದ್ರೆ ಸ್ಲೈಡ್ ಮಾಡ್ಲಿಕ್ಕೂ ತಡ ಮಾಡ್ಬೇಡಿ. ಸ್ಲೈಡಲ್ಲಿ ಕಂದು ಬಣ್ಣದ, ಪೇರ್ ಹಣ್ಣಿನ ಆಕಾರದ ಜೀವಿ, ಅಲುಗಾಡುದಿಲ್ಲ. ಇಕ್ ತಿರುಗ್ತದೆ, ಇದು ಸುಮ್ಮನೆ ಅಂಟಿಕೊಂಡಿರ್ತದೆ, ನಾನು ವ್ಯತ್ಯಾಸ ಹಿಡಿಯುದು ಹಾಗೆಯೇ. ಒಂದು ಗೂಡಿಂದ 256ರ ತನಕ ಮರಿ ಬರಬಹುದು. ಉಪ್ಪು ಇಳಿಸುವ ಹೈಪೋಸಲಿನಿಟಿ ಉಪಾಯ ಇಕ್‌ಗೆ ನಡೀತದೆ, ಇದಕ್ಕೆ ಇಲ್ಲ, ಕಾಪರ್ ತರದ ಮದ್ದೇ ಬೇಕು.

ಫ್ಲೂಕ್‌ಗೆ (ಮೈಗೆ ಅಂಟುವ ಚಪ್ಪಟೆ ಹುಳ) ಮೈಕ್ರೋಸ್ಕೋಪ್ ಬೇಕಂತಲೇ ಇಲ್ಲ. ಉಷ್ಣತೆ, ಪಿಎಚ್ ಮ್ಯಾಚ್ ಮಾಡಿದ ಸಿಹಿ ನೀರಲ್ಲಿ ಮೀನನ್ನು 5 ನಿಮಿಷ ಬಿಟ್ರೆ ಪಾರದರ್ಶಕ ಹುಳಗಳು ಬಿಳಿಯಾಗಿ ತಳಕ್ಕೆ ಉದುರ್ತವೆ, ಒಂದನ್ನು ಲೆನ್ಸ್ ಕೆಳಗೆ ಇಟ್ರೆ ಹಿಂದಿನ ಕೊಕ್ಕೆ ಕಾಣ್ತದೆ. ಮದ್ದು ಪ್ರಾಜಿಕ್ವಾಂಟೆಲ್, ಅದು ಮೊಟ್ಟೆಗೆ ನಾಟುದಿಲ್ಲವಾದ್ರಿಂದ ವಾರದ ಹೊತ್ತಿಗೆ ಇನ್ನೊಂದು ಡೋಸ್.

ಈಗ ಆ ಒಂದು ಸ್ಟಾರಿನ ಕಥೆ. ನಮ್ಮ ಮಂಗಳೂರಿನ ಮಳೆಗಾಲಕ್ಕೆ ಈ ಮಿಷನ್ ಆಗಿ ಬರುದಿಲ್ಲ. ಜುಲೈಯಲ್ಲಿ ಐಪೀಸ್ ಒಳಗೆ ಬೂಷ್ಟು ಹಿಡೀತು, ಬಲೆ ಬಲೆಯಾಗಿ, ಕ್ಲೀನ್ ಮಾಡ್ಲಿಕ್ಕೆ ಬಿಚ್ಚಿದ್ರೆ ವಾರಂಟಿ ಇಲ್ಲವಂತೆ, ಕಳಿಸಿದ್ರೆ ಕೊರಿಯರ್ ಖರ್ಚು ನಮ್ಮದೇ. ಈಗ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡ್ತೇನೆ, ನೀಲಿ ಹೋಗಿ ಪಿಂಕ್ ಆದ್ರೆ ಬಿಸಿ ಮಾಡಿ ವಾಪಸ್ ಹಾಕುದು. ಸ್ಟೇಜ್ ಕ್ಲಿಪ್ಪಿಗೆ ಉಪ್ಪು ನೀರು ತಾಗಿ ತುಕ್ಕು, ಪ್ರತಿ ಸಲ ಸಿಹಿ ನೀರಿನ ಬಟ್ಟೆಯಲ್ಲಿ ಒರೆಸ್ಲೇಬೇಕು. ದೊಡ್ಡ ಫೋಕಸ್ ನಾಬ್ ಲೂಸಾಗಿ ತನ್ನಷ್ಟಕ್ಕೇ ಇಳೀತದೆ, 40ಎಕ್ಸ್ ಹಾಕಿದಾಗ ಕವರ್ ಸ್ಲಿಪ್ ಚಟ್ ಅಂತ ಹೋಗ್ತದೆ. ಜೊತೆಗೆ ಬಂದ ಮೊಬೈಲ್ ಅಡಾಪ್ಟರ್ ಬಗ್ಗೆ ಮಾತೇ ಬೇಡ.

ತಗೊಳ್ಳುವವರು 100ಎಕ್ಸ್ ಲೆನ್ಸ್ ಇಲ್ಲದ ಮಾಡೆಲ್ ಉಂಟಾ ಕೇಳಿ, ನಾನು ಅದನ್ನು ಮುಟ್ಟಿಯೇ ಇಲ್ಲ, ನಮ್ಮ ಕೆಲಸ ಪೂರ್ತಿ 4 ಮತ್ತೆ 10ರಲ್ಲಿ, ಅಪರೂಪಕ್ಕೆ 40. ಮಕ್ಕಳ ಪ್ಲಾಸ್ಟಿಕ್ ಸೆಟ್ ಬೇಡ. ಕವರ್ ಸ್ಲಿಪ್ ಜಾಸ್ತಿ ತರಿಸಿ ಇಡಿ, ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ ಸಿಗ್ತದೆ, ಆನ್‌ಲೈನ್‌ಗಿಂತ ಚೀಪ್ ಕೂಡ.